‘ಚಿತ್ರಕೃಪೆ: ಅಂತರ್ಜಾಲ’ ಅಂತ ಹಾಕುವವರಿಗೆ ಫೋಟೋ ಕೊಡಬೇಡಿ

ಫೋಟೋ ತೆಗೆಯುವವರು, ಚಿತ್ರ ಬರೆಯುವವರು ದಯವಿಟ್ಟು ಓದಿ. ನನಗೆ ಆದದ್ದು ನಿಮಗೆ ಆಗಬಾರದು.

ಹೋದ ವರ್ಷ ಮಾರ್ಚ್‌ನಲ್ಲಿ ಮೂರು ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಊರೊಳಗಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆ ಹಕ್ಕಿ (ಪೆಲಿಕನ್) ಮರಿಗೆ ಗುಟುಕು ಕೊಡುತ್ತಿತ್ತು. ಮರಿಯ ತಲೆ ಪೂರ್ತಿ ತಾಯಿಯ ಕೊಕ್ಕಿನ ಚೀಲದೊಳಗೆ. ಆ ಒಂದು ಫೋಟೋಗೆ ಕತ್ತು ನೋಯುವಷ್ಟು ಹೊತ್ತು ಕಾದಿದ್ದೇನೆ.

ನಮ್ಮ ಕಡೆಯ ಒಂದು ಸಂಘದವರು ಫೋನ್ ಮಾಡಿದರು. "ಸ್ಮರಣ ಸಂಚಿಕೆ ಒಳಪುಟಕ್ಕೆ ಒಂದು ಫೋಟೋ ಕೊಡಿ ಸಾರ್. ದುಡ್ಡಿಲ್ಲ, ಹೆಸರು ಖಂಡಿತ ಹಾಕ್ತೀವಿ." ಹೆಸರು ಹಾಕಿದರೆ ಸಾಕು ಅಂದೆ. ಒರಿಜಿನಲ್ ಫೈಲನ್ನೇ ಮೇಲ್ ಮಾಡಿದೆ. ಅಮ್ಮನಿಗೂ ಹೇಳಿದ್ದೆ, ಆಫೀಸಲ್ಲೂ ಹೇಳಿದ್ದೆ.

ಸಂಚಿಕೆ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ನನ್ನ ಹೆಸರು ಹುಡುಕಿದರು. ಫೋಟೋ ಕೆಳಗೆ ಸಣ್ಣಕ್ಷರದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’. ಅಂತರ್ಜಾಲ! ಕೇಳಿ ಪಡೆದವರು ಅವರು, ಕಳಿಸಿದವನು ನಾನು. ಅಂತರ್ಜಾಲ ಎಲ್ಲಿಂದ ಬಂತು? "ಹಿಂದಿನ ಪುಟದಲ್ಲಿ ಇರಬಹುದು ನೋಡೋ" ಅಂತ ಅಮ್ಮ ಪುಟ ತಿರುವುತ್ತಲೇ ಇದ್ದರು. ಆಗ ಆದ ನಾಚಿಕೆ ಇನ್ನೂ ಹೋಗಿಲ್ಲ.

ಡಿಸೆಂಬರಲ್ಲಿ ಅದೇ ಫೋಟೋ ಅವರ ಕ್ಯಾಲೆಂಡರ್ ಮೇಲೆ! ಅದಕ್ಕೆ ನನ್ನನ್ನು ಕೇಳಿಯೇ ಇರಲಿಲ್ಲ. ಕೆಳಗೆ ಜವಳಿ ಅಂಗಡಿಯ ಜಾಹೀರಾತು ಬೇರೆ. ಅಂದರೆ ದುಡ್ಡು ಬಂದಿದೆ ಅಲ್ವಾ?

ಫೋನ್ ಮಾಡಿದೆ. ಮೊದಲು "ಡಿಟಿಪಿ ಹುಡುಗನ ತಪ್ಪು" ಅಂದರು. ಆಮೇಲೆ "ನೀವೇ ಕಳಿಸಿದ್ದಲ್ವಾ ಸಾರ್, ಕಳಿಸಿದ ಮೇಲೆ ನಮ್ಮದೇ." ಕೊನೆಗೆ ಕೇಳಿದ್ದು: "ಹಕ್ಕಿ ಏನು ನಿಮ್ಮದಾ?" ನನಗೆ ಮಾತೇ ಹೊರಡಲಿಲ್ಲ. ಹಕ್ಕಿ ನನ್ನದಲ್ಲ. ಫೋಟೋ ನನ್ನದು.

ಕಳಿಸಿದ ಮಾತ್ರಕ್ಕೆ ಅದು ಅವರದಾಗುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಕ್ಕು ಬರೆದುಕೊಡುವುದು ಲಿಖಿತವಾಗಿಯೇ ಆಗಬೇಕು. ಬರೆದುಕೊಟ್ಟ ಮೇಲೂ ‘ಇದು ನಾನು ಮಾಡಿದ್ದು’ ಅಂತ ಹೇಳುವ ಹಕ್ಕು ನಮ್ಮಲ್ಲೇ ಉಳಿಯುತ್ತದೆ, 57ನೇ ಸೆಕ್ಷನ್ ಓದಿ. ಫೋಟೋ ರಿಜಿಸ್ಟರ್ ಮಾಡಿಸಿರಲೇಬೇಕು ಅಂತಲೂ ಇಲ್ಲ. ಇದನ್ನೆಲ್ಲ ನಾನು ಓದಿದ್ದು ಏಟು ತಿಂದ ಮೇಲೆ.

ಬಾಯಿಮಾತು ನಂಬಿ ಸುಮ್ನೆ ಕೊಡಬೇಡಿ. ಎಲ್ಲಿ ಬಳಸುತ್ತಾರೆ, ಎಷ್ಟು ಸಲ, ಹೆಸರು ಎಲ್ಲಿ ಬರುತ್ತದೆ ಅಂತ ಒಂದು ಮೆಸೇಜಲ್ಲಾದರೂ ಬರೆಸಿಕೊಳ್ಳಿ. ಪುಟದ ಪ್ರೂಫ್ ನೋಡುವ ತನಕ ದೊಡ್ಡ ಫೈಲ್ ಕೊಡಲೇಬೇಡಿ.

ಮೊನ್ನೆ ಅದೇ ಸಂಘದವರು ರಂಗನತಿಟ್ಟಿನ ಫೋಟೋ ಕೇಳಿ ಮೆಸೇಜ್ ಮಾಡಿದ್ದಾರೆ. ಮೊದಲು ಹಳೆಯದಕ್ಕೆ ತಿದ್ದುಪಡಿ ಹಾಕಿ ಅಂತ ಬರೆದೆ. ನೋಡಿದ್ದಾರೆ. ಉತ್ತರ ಇಲ್ಲ.