ಉಪ್ಪುನೀರಿನ ಟ್ಯಾಂಕಿಗೆ ಯಾವ ಜೋಡಿ? ಒಸೆಲ್ಲಾರಿಸ್, ಮರೂನ್, ಬಂಗಾಯ್ ಸಾಕಿ ಕಂಡದ್ದು

"ಗ್ಯಾರಂಟಿ ಪೇರ್ ಸಾರ್, ಒಂದನ್ನೊಂದು ಬಿಟ್ಟು ಇರಲ್ಲ" ಅಂತ ಅಂಗಡಿಯವರು ಕೊಟ್ಟ ಎರಡು ಒಸೆಲ್ಲಾರಿಸ್ ಕ್ಲೌನ್ ಮೀನುಗಳು ರಾಜಾಜಿನಗರದ ನಮ್ಮ ಮನೆಗೆ ಬಂದ ಮೂರನೇ ದಿನವೇ ಕಚ್ಚಾಡಿದವು. ಎರಡೂ ಒಂದೇ ಅಳತೆ, ಹೆಚ್ಚೂಕಡಿಮೆ 8 ಸೆಂಟಿಮೀಟರ್. ಒಂದರ ಬಾಲ ಹರಿದು ಎಳೆ ಎಳೆಯಾಗಿತ್ತು. ಅದು ಮೇಲಿನ ಮೂಲೆಯಲ್ಲಿ, ಹೀಟರ್ ಹಿಂದೆ ಸೇರಿಕೊಂಡಿತ್ತು. ಮೊದಲು ನೋಡಿದ್ದು ಅಮ್ಮ. "ಅವೆರಡಕ್ಕೂ ಆಗಿಬರಲ್ಲ ಕಣೋ, ಬೇರೆ ಮಾಡು" ಅಂದರು.

ಅಮ್ಮ ಹೇಳಿದ್ದು ಸರಿಯಾಗಿತ್ತು. ಅಂಗಡಿಯ ತೊಟ್ಟಿಯಲ್ಲಿ ಇಪ್ಪತ್ತು ಮೂವತ್ತು ಮೀನು ಒಟ್ಟಿಗೆ ಇರುತ್ತವೆ. ಅಲ್ಲಿ ಜಗಳ ಎಲ್ಲರಿಗೂ ಹಂಚಿಹೋಗುತ್ತದೆ, ಯಾವ ಒಂದರ ಮೇಲೂ ನಿಲ್ಲುವುದಿಲ್ಲ. ಎರಡನ್ನೇ ತಂದು ಮೂರಡಿ ಟ್ಯಾಂಕಿಗೆ ಬಿಟ್ಟರೆ ನಿಜವಾದ ಸಂಬಂಧ ಏನು ಅಂತ ಗೊತ್ತಾಗುತ್ತದೆ. ಅಷ್ಟು ದೊಡ್ಡದಾಗಿದ್ದ ಅವೆರಡೂ ಹೆಣ್ಣೇ ಇರಬೇಕು ಅಂತ ಈಗ ನನ್ನ ನಂಬಿಕೆ. ಹೆಣ್ಣಾದ ಕ್ಲೌನ್ ಮತ್ತೆ ಗಂಡಾಗುವುದಿಲ್ಲ. ಹಾಗಾಗಿ ಆ ಜಗಳಕ್ಕೆ ರಾಜಿ ಅನ್ನುವುದೇ ಇರಲಿಲ್ಲ.

ಆಮೇಲಿನ ಐದು ವರ್ಷದಲ್ಲಿ ಮೂರು ಜಾತಿಯ ಜೋಡಿ ಕಟ್ಟಿ ನೋಡಿದ್ದೇನೆ: ಒಸೆಲ್ಲಾರಿಸ್, ಮರೂನ್ ಕ್ಲೌನ್, ಬಂಗಾಯ್ ಕಾರ್ಡಿನಲ್. ಜೋಡಿ ಅಂದ ಮಾತ್ರಕ್ಕೆ ಮೂರಕ್ಕೂ ಒಂದೇ ಉಪಾಯ ನಡೆಯುವುದಿಲ್ಲ.

ಒಸೆಲ್ಲಾರಿಸ್‌ನಲ್ಲಿ ಗಂಡು ಹೆಣ್ಣು ಗುರುತಿಸುವ ಕೆಲಸವೇ ಇಲ್ಲ. ಎಲ್ಲ ಕ್ಲೌನ್ ಮರಿಗಳೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಅದರ ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಸಂಶೋಧಕರಾದ ಹಾನ್ಸ್ ಫ್ರಿಕೆ ಮತ್ತು ಸಿಮೋನ್ ಫ್ರಿಕೆ 1977ರಲ್ಲೇ ಇದನ್ನು ಬರೆದಿದ್ದಾರೆ. 2003ರಲ್ಲಿ ಇನ್ನೊಬ್ಬ ಸಂಶೋಧಕ ಪೀಟರ್ ಬಸ್ಟನ್ ತೋರಿಸಿದ್ದು ನನಗೆ ಇನ್ನೂ ಉಪಯೋಗಕ್ಕೆ ಬಂತು. ಕೆಳಗಿನ ಸ್ಥಾನದ ಕ್ಲೌನ್ ತನ್ನ ಬೆಳವಣಿಗೆಯನ್ನೇ ಹಿಡಿದಿಟ್ಟು, ಮೇಲಿನದಕ್ಕಿಂತ ಚಿಕ್ಕದಾಗಿಯೇ ಉಳಿಯುತ್ತದೆ. ಹಾಗೆ ಮಾಡದಿದ್ದರೆ ಅದನ್ನು ಗುಂಪಿನಿಂದ ಓಡಿಸಿಬಿಡುತ್ತವೆ. ಅಂದರೆ ಅಳತೆಯ ಅಂತರವೇ ಅವುಗಳ ನಡುವಿನ ಒಪ್ಪಂದ. ಒಂದೇ ಅಳತೆಯ ಎರಡನ್ನು ತಂದಾಗ ಆ ಒಪ್ಪಂದವನ್ನು ನಾನೇ ಮುರಿದಿದ್ದೆ.

ಎರಡನೇ ಸಲ ಟ್ಯಾಂಕಿನಲ್ಲೇ ಹುಟ್ಟಿದ ಮರಿಗಳನ್ನು ಕೇಳಿ ತಂದೆ. ಒಂದು 5 ಸೆಂಟಿಮೀಟರ್, ಇನ್ನೊಂದು 3. ಮೊದಲ ವಾರ ದೊಡ್ಡದು ಅಟ್ಟಿಸಿಕೊಂಡು ಹೋಗುತ್ತಿತ್ತು, ಆದರೆ ರೆಕ್ಕೆ ಹರಿಯಲಿಲ್ಲ. ಎಂಟನೇ ದಿನ ಸಂಜೆ ಊಟ ಹಾಕಿ ನಿಂತಿದ್ದೆ. ದೊಡ್ಡದು ಮುನ್ನುಗ್ಗಿ ಬಂತು. ಚಿಕ್ಕದು ಓಡಲಿಲ್ಲ. ಅಲ್ಲೇ ಪಕ್ಕಕ್ಕೆ ವಾಲಿ, ತಲೆಯಿಂದ ಬಾಲದವರೆಗೆ ಮೈಯನ್ನು ಗಡಗಡ ನಡುಗಿಸಿತು. ದೊಡ್ಡದು ಹಾಗೇ ನಿಂತು, ತಿರುಗಿ ಹೋಯಿತು. ಹೊಸಬರು ಈ ನಡುಕ ನೋಡಿ ರೋಗ ಅಂದುಕೊಂಡು ಔಷಧಿ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. "ನೀನೇ ದೊಡ್ಡವಳು" ಅಂತ ಒಪ್ಪಿಕೊಳ್ಳುವ ರೀತಿ ಅದು. ಆ ನಡುಕ ಕಂಡ ಮೇಲೆ ನಾನು ನಿಶ್ಚಿಂತೆಯಾಗಿ ಮಲಗಿದೆ. ಒಂದೂವರೆ ವರ್ಷಕ್ಕೆ ಮಣ್ಣಿನ ಕುಂಡದ ಒಳಗೋಡೆಗೆ ಕಿತ್ತಳೆ ಬಣ್ಣದ ಮೊಟ್ಟೆ ಇಟ್ಟವು. (ಗಟ್ಟಿ ಹವಳಗಳು 2001ರಿಂದ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಮನೆಗೆ ತರಬಾರದು. ಕ್ಲೌನ್‌ಗೆ ಅವು ಬೇಕಾಗಿಯೂ ಇಲ್ಲ. ಕುಂಡ ಸಾಕು.)

ಮರೂನ್ ಕ್ಲೌನ್ ನೋಡಲು ಎಲ್ಲಕ್ಕಿಂತ ಚೆಂದ. ಕಡುಗೆಂಪು ಮೈ, ಕೆನ್ನೆಯ ಮೇಲೆ ಮುಳ್ಳು. ಹುಟ್ಟಿದಾಗ ಗಂಡು, ದೊಡ್ಡದಾದದ್ದು ಹೆಣ್ಣು ಅನ್ನುವ ಲೆಕ್ಕ ಇದಕ್ಕೂ ಅದೇ. ಆದರೆ ಹೆಣ್ಣು 15 ಸೆಂಟಿಮೀಟರ್‌ವರೆಗೆ ಬೆಳೆದು ಬಣ್ಣ ಕಪ್ಪಿಗೆ ತಿರುಗುತ್ತದೆ. ಗಂಡು ಅದರ ಅರ್ಧವೂ ಇರುವುದಿಲ್ಲ. ನನ್ನ ನಾಲ್ಕಡಿ ಟ್ಯಾಂಕಿನಲ್ಲಿ 13 ಸೆಂಟಿಮೀಟರಿನ ಹೆಣ್ಣು ಒಂಟಿಯಾಗಿತ್ತು. ಅದಕ್ಕೆ 4 ಸೆಂಟಿಮೀಟರಿನ ಮರಿ ತಂದೆ. ತೂತು ಇರುವ ಪಾರದರ್ಶಕ ಡಬ್ಬಿಯಲ್ಲಿ ಮರಿಯನ್ನು ಇಟ್ಟು, ಡಬ್ಬಿಯನ್ನು ಟ್ಯಾಂಕಿನ ಒಳಗೇ ತೂಗುಹಾಕಿದೆ. ಹೆಣ್ಣು ಡಬ್ಬಿಗೆ ಮೂತಿ ಗುದ್ದುವ ಸದ್ದು ಮನೆಯ ಹಾಲ್‌ವರೆಗೆ ಕೇಳುತ್ತಿತ್ತು. ಎರಡು ವಾರಕ್ಕೆ ಗುದ್ದುವುದು ನಿಂತಿತು. ಲೈಟ್ ಆರಿಸಿದ ಮೇಲೆ ಬಿಟ್ಟೆ. ನಾಲ್ಕು ದಿನ ಚೆನ್ನಾಗಿತ್ತು. ಐದನೇ ಬೆಳಿಗ್ಗೆ ಮರಿಯ ಎದೆಯ ರೆಕ್ಕೆ ಅರ್ಧ ಇರಲಿಲ್ಲ.

ಮುಂದಿನ ಸಲ ಉಲ್ಟಾ ಮಾಡಿದೆ. ಹೆಣ್ಣನ್ನು ಹತ್ತು ದಿನ ಬೇರೆ ಟ್ಯಾಂಕಿಗೆ ಹಾಕಿ, ಕಲ್ಲುಗಳನ್ನೆಲ್ಲ ಬೇರೆ ಕಡೆ ಜೋಡಿಸಿದೆ. ವಾಸಿಯಾದ ಮರಿ ಆ ಜಾಗಕ್ಕೆ ಒಗ್ಗಿಕೊಂಡಿತು. ಆಮೇಲೆ ಹೆಣ್ಣನ್ನೇ ಡಬ್ಬಿಯಲ್ಲಿ ಹೊಸಬಳ ಹಾಗೆ ತಂದೆ. ಪ್ಲಂಬಿಂಗ್ ಅಂಗಡಿಯಿಂದ ಒಂದಿಂಚಿನ ಪೈಪ್ ತುಂಡು ತಂದು ಮೂರು ಕಡೆ ಇಟ್ಟೆ. ಅದರೊಳಗೆ ಗಂಡು ನುಗ್ಗಬಹುದು, ಹೆಣ್ಣಿಗೆ ತಲೆಯೂ ಹಿಡಿಸದು. ಇದು ಕೆಲಸ ಮಾಡಿತು. ಹನ್ನೊಂದು ತಿಂಗಳು ಎರಡೂ ಒಂದೇ ಮೂಲೆಯಲ್ಲಿ ಮಲಗುತ್ತಿದ್ದವು. ಆಮೇಲೆ ನಾನು ನಾಲ್ಕು ದಿನ ಊರಿಗೆ ಹೋದೆ. ಊಟ ತಾನೇ ಉದುರಿಸುವ ಮೆಷಿನ್ ಇಟ್ಟಿದ್ದೆ, ಸಾಲದು ಅಂತ ಯೋಚನೆ ಬರಲಿಲ್ಲ. ವಾಪಸ್ ಬಂದಾಗ ಗಂಡು ಪಂಪಿನ ಹಿಂದೆ ಸತ್ತಿತ್ತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ. ಮನೆಯಲ್ಲಿ ದಿನಾ ನೋಡುವವರು ಇಲ್ಲದಿದ್ದರೆ ಮರೂನ್ ಜೋಡಿ ಬೇಡ. ಒಂದೇ ಸಾಕಿ. ಒಂಟಿಯಾಗಿ ಅದು ಸುಖವಾಗಿಯೇ ಇರುತ್ತದೆ.

ಬಂಗಾಯ್ ಕಾರ್ಡಿನಲ್ ಪೂರಾ ಬೇರೆ. ಇದು ಲಿಂಗ ಬದಲಿಸುವ ಮೀನಲ್ಲ. ಗಂಡು ಗಂಡೇ, ಹೆಣ್ಣು ಹೆಣ್ಣೇ. ಕ್ಲೌನ್ ಜೋಡಿಯನ್ನು ನಾವು ಕಟ್ಟಬಹುದು, ಬಂಗಾಯ್ ಜೋಡಿಯನ್ನು ಹುಡುಕಲೇಬೇಕು. ಬೆನ್ನಿನ ಎರಡನೇ ರೆಕ್ಕೆ ಉದ್ದ ಇದ್ದದ್ದು ಗಂಡು ಅಂತ ತುಂಬಾ ಜನ ಹೇಳುತ್ತಾರೆ. ನನ್ನಲ್ಲಿ ಹೆಣ್ಣಿಗೇ ಉದ್ದ ಇತ್ತು. ನನಗೆ ಸಹಾಯ ಆಗಿದ್ದು ಕೆಳದವಡೆ. ಪಕ್ಕದಿಂದ ನೋಡಿದರೆ ಗಂಡಿನ ದವಡೆ ಚೌಕವಾಗಿ, ಸ್ವಲ್ಪ ಜೋತುಬಿದ್ದ ಹಾಗೆ ಕಾಣುತ್ತದೆ. ಹೆಣ್ಣಿಗೆ ಚೂಪು. ಅದೂ ದೊಡ್ಡ ಮೀನಿನಲ್ಲಿ ಮಾತ್ರ. ಅದಕ್ಕೇ ಐದು ಮರಿ ತಂದು ಕಾದೆ. ಎರಡು ತಿಂಗಳಿಗೆ ಎರಡು ಮೀನು ಒಂದು ಮೂಲೆ ಹಿಡಿದು ಉಳಿದ ಮೂರನ್ನು ಓಡಿಸತೊಡಗಿದವು. ಅವತ್ತೇ ಆ ಮೂರನ್ನು ತೆಗೆದೆ. ಇಲ್ಲಿ ಒಂದು ದಿನ ತಡ ಮಾಡಿದರೂ ಕಷ್ಟ. ಜೋಡಿಯಾದ ಬಂಗಾಯ್ ಉಳಿದವನ್ನು ಒಂದೊಂದಾಗಿ ಕೊಲ್ಲುತ್ತದೆ.

ಇವು ಇಂಡೋನೇಷ್ಯಾದ ಬಂಗಾಯ್ ದ್ವೀಪಗಳ ಸುತ್ತ ಮಾತ್ರ ಇದ್ದ ಮೀನು. 2007ರಿಂದ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿವೆ. ಸಮುದ್ರದಿಂದ ಹಿಡಿದದ್ದನ್ನು ತರಲೇಬೇಡಿ.

ಬೇರ್ಪಡಿಸುವ ವಿಧಾನಗಳಲ್ಲಿ ಡಬ್ಬಿಗೇ ನನ್ನ ಓಟು. ಟ್ಯಾಂಕಿನ ಮಧ್ಯೆ ಜಾಲರಿ ಅಡ್ಡ ಇಡುವುದನ್ನೂ ಮಾಡಿ ನೋಡಿದೆ. ಜೋರು ಮಾಡುವ ಮೀನಿಗೆ ಅದರ ಜಾಗ ಹಾಗೇ ಉಳಿಯುತ್ತದೆ. ಜಾಲರಿ ತೆಗೆದ ಗಂಟೆಗೆ ಜಗಳ ಶುರು. ನಮ್ಮ ಬೆಂಗಳೂರಲ್ಲಿ ಇನ್ನೊಂದು ವಿಷಯ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು 30 ಡಿಗ್ರಿ ದಾಟಿದಾಗ ನನ್ನ ಮನೆಯಲ್ಲಿ ಕಚ್ಚಾಟ ಜಾಸ್ತಿ ಆಗಿದ್ದನ್ನು ಎರಡು ವರ್ಷ ನೋಡಿದ್ದೇನೆ. ನೀರಿನ ಮೇಲೆ ಚಿಕ್ಕ ಫ್ಯಾನ್ ಇಟ್ಟರೆ ಎರಡು ಡಿಗ್ರಿ ಇಳಿಯುತ್ತದೆ. ಆದರೆ ನೀರು ಬೇಗ ಆವಿಯಾಗಿ ಉಪ್ಪು ಏರುತ್ತದೆ, ದಿನಾ ಆರ್‌ಓ ನೀರು ಹಾಕುತ್ತಿರಬೇಕು. ಬೋರ್ ನೀರು ಸುರಿಯಬೇಡಿ. ಹೊಸ ಜೋಡಿ ಕಟ್ಟುವುದಾದರೆ ನಾನಂತೂ ಮಳೆ ಶುರುವಾಗುವವರೆಗೆ ಕಾಯುತ್ತೇನೆ.

ಮೊದಲ ಜೋಡಿ ಅಂದರೆ ಅಳತೆ ಬೇರೆ ಇರುವ ಎರಡು ಒಸೆಲ್ಲಾರಿಸ್ ಮರಿ. ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ಆದರೆ ನನ್ನ ಮನಸ್ಸು ಸೋತದ್ದು ಬಂಗಾಯ್‌ಗೆ. ಗಂಡು ಮೊಟ್ಟೆಗಳನ್ನು ಬಾಯಲ್ಲಿ ಇಟ್ಟುಕೊಂಡು, ಮರಿಗಳು ಹೊರಗೆ ಬರುವವರೆಗೆ ಸುಮಾರು ಒಂದು ತಿಂಗಳು ಏನೂ ತಿನ್ನುವುದಿಲ್ಲ. ಮೊದಲ ಸಲ ಊಟ ಬಿಟ್ಟಾಗ ಕಾಯಿಲೆ ಅಂತ ಹೆದರಿದ್ದೆ. ಇವತ್ತು ಹದಿನೆಂಟನೇ ದಿನ. ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿದೆ. ಬಾಯಿ ಒಂದು ಕ್ಷಣ ತೆರೆದು ಮುಚ್ಚಿತು, ಒಳಗೆ ಪುಟ್ಟ ಪುಟ್ಟ ಕಣ್ಣುಗಳು ಮಿನುಗಿದವು.