ಡಯಾಗ್ನೋಸ್ಟಿಕ್ಸ್ ಸೇಲ್ಸ್ ಆಫರ್ ಲೆಟರ್ ರಿವ್ಯೂ: ಐದಕ್ಕೆ ಮೂರು, ಅದೂ ಒಂದು ಷರತ್ತಿನ ಮೇಲೆ

ದಾವಣಗೆರೆ ಹೆಡ್‌ಕ್ವಾರ್ಟರ್ಸ್, ಏರಿಯಾ ಸೇಲ್ಸ್ ಎಕ್ಸಿಕ್ಯೂಟಿವ್, ಸಿಟಿಸಿ (ಕಂಪನಿ ವರ್ಷಕ್ಕೆ ನನ್ನ ಮೇಲೆ ಮಾಡುವ ಒಟ್ಟು ಖರ್ಚು) 4.8 ಲಕ್ಷ. ಲ್ಯಾಬ್‌ಗಳಿಗೆ ರಕ್ತ ಪರೀಕ್ಷೆಯ ಮಷೀನು, ರೀಏಜೆಂಟು (ಪರೀಕ್ಷೆಗೆ ಬಳಸುವ ರಾಸಾಯನಿಕ), ಕಿಟ್ಟು ಮಾರುವ ಕಂಪನಿ. ಹೆಸರು ಹೇಳಲ್ಲ, ಇನ್ನೂ ಮಾತುಕತೆ ನಡೀತಿದೆ. ಫಾರ್ಮಾದಲ್ಲಿ ಎಂಆರ್ (ಮೆಡಿಕಲ್ ರೆಪ್) ಆಗಿ ಬ್ಯಾಗ್ ಹೊತ್ತು ಸಾಕಾಗಿ, "ಡಯಾಗ್ನೋಸ್ಟಿಕ್ಸ್‌ಗೆ ಹೋಗಪ್ಪಾ, ಅಲ್ಲಿ ಡಾಕ್ಟರ್ ಬಾಗಿಲಲ್ಲಿ ಗಂಟೆಗಟ್ಟಲೆ ನಿಲ್ಲೋದು ಇಲ್ಲ" ಅನ್ನೋ ಮಾತು ಕೇಳಿ ನನ್ನ ಹಾಗೇ ಯೋಚಿಸುತ್ತಿರುವವರು ತುಂಬಾ ಜನ ಇದ್ದಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಡಯಾಗ್ನೋಸ್ಟಿಕ್ಸ್ ಸೇಲ್ಸ್ ಅಂದರೆ ಎರಡು ಬೇರೆ ಬೇರೆ ಕೆಲಸ. ಒಂದು, ಲ್ಯಾಬ್ ಚೈನ್‌ಗಳ ಕೆಲಸ. ಡಾಕ್ಟರ್, ನರ್ಸಿಂಗ್ ಹೋಮ್, ಕಲೆಕ್ಷನ್ ಸೆಂಟರ್ ಸುತ್ತಿ ಸ್ಯಾಂಪಲ್ ಬರುವ ಹಾಗೆ ಮಾಡಬೇಕು. ಇನ್ನೊಂದು, ರೋಶ್, ಅಬಾಟ್, ಸಿಸ್ಮೆಕ್ಸ್, ಟ್ರಾನ್ಸೇಷಿಯಾ, ಅಗಾಪೆ ಇಂಥ ಮಷೀನ್, ರೀಏಜೆಂಟ್ ಕಂಪನಿಗಳ ಲೈನು. ಇಲ್ಲಿ ಲ್ಯಾಬೇ ಗಿರಾಕಿ. ಮೊದಲನೆಯದು ನನಗೆ ಬೇಡವೇ ಬೇಡ. 2017ರ ಕೊನೆಯಲ್ಲಿ ಬೆಂಗಳೂರಿನ ಕೆಲವು ಡಯಾಗ್ನೋಸ್ಟಿಕ್ ಸೆಂಟರ್‌ಗಳ ಮೇಲೆ ಆದಾಯ ತೆರಿಗೆ ದಾಳಿ ಆಯಿತಲ್ಲ, ಆಗ ರೋಗಿ ಕಳಿಸಿದ್ದಕ್ಕೆ ಡಾಕ್ಟರ್ ಕಮಿಷನ್ ಎಂಆರ್‌ಐಗೆ 35%, ಸಿಟಿ ಸ್ಕ್ಯಾನ್ ಮತ್ತು ಲ್ಯಾಬ್ ಟೆಸ್ಟ್‌ಗೆ 20% ಅಂತ ಇಲಾಖೆಯೇ ಹೇಳಿತ್ತು. ವೈದ್ಯರು ಹೀಗೆ ಕಮಿಷನ್ ತಗೊಳ್ಳಬಾರದು ಅಂತ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಲ್ಲೇ ಇದೆ. ಎಲ್ಲರೂ ಕೊಡ್ತಾರೆ ಅಂತಲ್ಲ. ಆದರೆ ಇಂಟರ್ವ್ಯೂನಲ್ಲಿ "ರೆಫರಲ್ ಹೇಗೆ ಮ್ಯಾನೇಜ್ ಮಾಡ್ತೀರಿ" ಅಂತ ಕೇಳಿದರೆ ಸ್ವಲ್ಪ ಹುಷಾರಾಗಿರಿ.

ನನಗೆ ಬಂದಿರುವುದು ಎರಡನೇ ಥರದ್ದು. ಇಂಟರ್ವ್ಯೂ ಚೆನ್ನಾಗಿತ್ತು. ರೀಜನಲ್ ಮ್ಯಾನೇಜರ್ ಮರ್ಯಾದೆಯಿಂದ ಮಾತಾಡಿದರು, ಸಿಬಿಸಿ ಮಷೀನ್‌ನಲ್ಲಿ (ರಕ್ತಕಣ ಎಣಿಸುವ ಮಷೀನು) ತ್ರೀ ಪಾರ್ಟ್, ಫೈವ್ ಪಾರ್ಟ್ ಅಂದರೇನು, ಅಂದರೆ ಬಿಳಿ ರಕ್ತಕಣವನ್ನು ಮೂರು ಬಗೆಯಾಗಿ ಎಣಿಸುವುದೋ ಐದು ಬಗೆಯಾಗಿಯೋ ಅಂತ ಬಿಡಿಸಿ ಹೇಳಿದರು, ಬೆಂಗಳೂರಿನಲ್ಲಿ ಟ್ರೈನಿಂಗ್ ಕೊಡಿಸ್ತೀವಿ ಅಂದರು.

ಈಗ ದುಡ್ಡು. 4.8 ಲಕ್ಷದಲ್ಲಿ 30% ವೇರಿಯಬಲ್, ಅಂದರೆ ಖಾತ್ರಿ ಇಲ್ಲದ ಇನ್ಸೆಂಟಿವ್. ಉಳಿದ ಫಿಕ್ಸೆಡ್ ತಿಂಗಳಿಗೆ 28,000. ಅದರೊಳಗೇ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಪ್ರೀಮಿಯಂ ಎಲ್ಲ ಸೇರಿದೆ. ನನ್ನ ಪಾಲಿನ ಪಿಎಫ್, 200 ರೂಪಾಯಿ ಪ್ರೊಫೆಷನಲ್ ಟ್ಯಾಕ್ಸ್ ಹೋದರೆ ಕೈಗೆ ಬರುವುದು 23 ಸಾವಿರ ಚಿಲ್ಲರೆ. ಬೈಕಿಗೆ ಕಿಲೋಮೀಟರ್‌ಗೆ 3 ರೂಪಾಯಿ. ಪೆಟ್ರೋಲ್ ನೂರು ದಾಟಿರುವಾಗ ಮೂರು ರೂಪಾಯಲ್ಲಿ ಎಣ್ಣೆ ಖರ್ಚು ಹುಟ್ಟುತ್ತದೆ, ಟೈರು, ಚೈನು, ಸರ್ವಿಸಿಂಗ್ ನಮ್ಮ ಜೇಬಿಂದಲೇ. ದಾವಣಗೆರೆ, ಚಿತ್ರದುರ್ಗ, ಹಾವೇರಿ ಮೂರೂ ಜಿಲ್ಲೆ ಒಬ್ಬನಿಗೆ. ಹೈವೇ ಚೆನ್ನಾಗಿದೆ ನಿಜ, ಆದರೆ ಲ್ಯಾಬ್‌ಗಳು ಹೈವೇ ಮೇಲೆ ಇರಲ್ಲ ಅಲ್ವಾ? ಚನ್ನಗಿರಿ, ಹೊಸದುರ್ಗ, ಹಿರೇಕೆರೂರು ಅಂತ ಒಳಗೆ ಹೋಗಲೇಬೇಕು.

ಇಷ್ಟಾದರೂ ಸಂಬಳದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ತಕರಾರು ಇರುವುದು ವೇರಿಯಬಲ್ ಬಗ್ಗೆ, ಅದು ಅರ್ಥ ಆಗಬೇಕಾದರೆ ಈ ಲೈನ್ ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕು.

ಸಣ್ಣ ಲ್ಯಾಬ್‌ನವರು ಲಕ್ಷಗಟ್ಟಲೆ ಕೊಟ್ಟು ಫೈವ್ ಪಾರ್ಟ್ ಮಷೀನ್ ಕೊಳ್ಳಲ್ಲ. ಕಂಪನಿ ಮಷೀನ್ ದುಡ್ಡಿಲ್ಲದೆ ಇಟ್ಟು ಹೋಗುತ್ತದೆ. ಬದಲಿಗೆ ಇಷ್ಟು ವರ್ಷ, ತಿಂಗಳಿಗೆ ಇಷ್ಟು ರೀಏಜೆಂಟ್ ನಿಮ್ಮಿಂದಲೇ ತಗೊಳ್ತೀವಿ ಅಂತ ಲ್ಯಾಬ್‌ನವರು ಸಹಿ ಹಾಕಬೇಕು. ಇದೇ ರೀಏಜೆಂಟ್ ರೆಂಟಲ್. ಮಷೀನ್ ಕ್ಲೋಸ್ಡ್ ಸಿಸ್ಟಮ್ ಆಗಿದ್ದರೆ ಬೇರೆ ಕಂಪನಿಯ ರೀಏಜೆಂಟ್ ಹಾಕಿದರೆ ಓಡುವುದೇ ಇಲ್ಲ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಆದರೆ ಆ "ಇಷ್ಟು" ಅನ್ನುವ ಲೆಕ್ಕ ಯಾವ ತಿಂಗಳಲ್ಲಿ ಹಾಕಿದ್ದು ಅನ್ನುವುದರಲ್ಲೇ ಎಲ್ಲ ಇದೆ. ಮಳೆಗಾಲದಲ್ಲಿ ಡೆಂಗ್ಯೂ ಬಂದಾಗ ಜ್ವರ ಅಂದವರಿಗೆಲ್ಲ ಪ್ಲೇಟ್ಲೆಟ್ ನೋಡಬೇಕು, ಒಬ್ಬರಿಗೇ ದಿನ ಬಿಟ್ಟು ದಿನ ಸಿಬಿಸಿ. ಆಗಸ್ಟ್‌ನಲ್ಲಿ ದಿನಕ್ಕೆ 40 ಸಿಬಿಸಿ ಮಾಡುವ ಲ್ಯಾಬು ಫೆಬ್ರವರಿಯಲ್ಲಿ 15 ಮಾಡಿದರೆ ಹೆಚ್ಚು. ಸೇಲ್ಸ್‌ನವನು ಆಗಸ್ಟ್‌ನ ಲೆಕ್ಕ ತೋರಿಸಿ ಸಹಿ ಹಾಕಿಸಿ ಟಾರ್ಗೆಟ್ ಮುಗಿಸುತ್ತಾನೆ. ಫೆಬ್ರವರಿಯಲ್ಲಿ ಸ್ಟಾಕ್ ಕೂತಿರುತ್ತದೆ, ದುಡ್ಡು ಬರಲ್ಲ, ಅಷ್ಟರಲ್ಲಿ ಅವನು ಬೇರೆ ಕಂಪನಿ ಸೇರಿರುತ್ತಾನೆ. ಮಳೆಗಾಲದ ಲಾಭವೂ ಮೊದಲಿನ ಹಾಗಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂ ಪತ್ತೆ ಮಾಡುವ ಟೆಸ್ಟ್‌ಗಳಿಗೆ, ಅಂದರೆ ಎನ್‌ಎಸ್1 ಎಲೈಸಾಗೆ 300, ಐಜಿಎಂ ಎಲೈಸಾಗೆ 300, ರ್‍ಯಾಪಿಡ್ ಕಾರ್ಡ್‌ಗೆ 250 ರೂಪಾಯಿ ಅಂತ ಮಿತಿ ಹಾಕಿತು. ಜನಕ್ಕೆ ಒಳ್ಳೆಯದೇ ಆಯಿತು, ಆದರೆ ಲ್ಯಾಬ್‌ನವರು ಕಿಟ್ ರೇಟಿನಲ್ಲಿ ನಮ್ಮ ಹತ್ತಿರ ಚೌಕಾಸಿ ಮಾಡುವುದು ಜಾಸ್ತಿ ಆಗುತ್ತದೆ.

ಆಫರ್ ಒಪ್ಪುವ ಮೊದಲು ಫೀಲ್ಡ್ ನೋಡಬೇಕು ಅಂತ ಕೇಳಿಕೊಂಡು ಅವರ ಹುಡುಗನ ಜೊತೆ ಜಾಯಿಂಟ್ ವರ್ಕಿಂಗ್‌ಗೆ ಹೋಗಿದ್ದೆ. ನೀವೂ ಕೇಳಿ, ಬಹಳ ಕಂಪನಿಗಳು ಬೇಡ ಅನ್ನಲ್ಲ. ರಾಣೆಬೆನ್ನೂರಿನ ಒಂದು ಲ್ಯಾಬು. ಬಾಗಿಲು ದಾಟುತ್ತಿದ್ದಂತೆ ಮಾಲೀಕರು, "ಏನ್ರೀ, ಹೊಸಬ್ರೇನು? ಮಷೀನ್ ಇಟ್ಟು ಹೋದಾವ್ರು ಮತ್ತ ಈ ಕಡೆ ಮುಖಾನೇ ಹಾಕಿಲ್ಲ ನೋಡ್ರಿ" ಅಂದರು. ಮಷೀನಿನ ಪರದೆ ಮೇಲೆ ಕ್ಲಾಗ್ ಎರರ್, ಅಂದರೆ ಒಳಗೆ ಏನೋ ಕಟ್ಟಿಕೊಂಡಿದೆ. ನೇರಳೆ ಮುಚ್ಚಳದ ಟ್ಯೂಬ್‌ಗಳು ರ್‍ಯಾಕ್‌ನಲ್ಲಿ ಸಾಲಾಗಿ ಕಾಯುತ್ತಿವೆ, ಟೆಕ್ನಿಷಿಯನ್ ಹುಡುಗಿ ಪ್ರೋಬ್ ಕ್ಲೀನರ್ ಹಾಕಿ ಹಾಕಿ ಬೇಸತ್ತಿದ್ದಾಳೆ. ಟೇಬಲ್ ಕೆಳಗೆ ರಕ್ತ ತೆಳು ಮಾಡುವ ಡೈಲ್ಯೂಯೆಂಟ್‌ನ 20 ಲೀಟರಿನ ಡಬ್ಬ ಎರಡು, ಸೀಲ್ ಕೂಡ ಒಡೆದಿಲ್ಲ, ಅದರ ಮೇಲೆ ಯಾರದೋ ಊಟದ ಬುತ್ತಿ. ಮಾಲೀಕರು ಫ್ರಿಜ್ ತೆಗೆದು ತೋರಿಸಿದರು: ಮಷೀನ್ ಸರಿಯಾಗಿ ಎಣಿಸುತ್ತಿದೆಯಾ ಅಂತ ನೋಡಲು ಹಾಕುವ ಕಂಟ್ರೋಲ್ ವಯಲ್‌ನ ಡೇಟ್ ಮುಗಿದಿತ್ತು. "ಇದರ ಬಿಲ್ಲೂ ಕೊಡಬೇಕೇನ್ರೀ ನಾವು?" ಅಂತ ಕೇಳಿದರು. ನಮ್ಮ ಹುಡುಗ ಸರ್ವಿಸ್ ಎಂಜಿನಿಯರ್‌ಗೆ ಫೋನ್ ಹಚ್ಚಿದ. ಅವರು ಹುಬ್ಬಳ್ಳಿಯಲ್ಲಿ ಇನ್ನೊಂದು ಬ್ರೇಕ್‌ಡೌನ್‌ನಲ್ಲಿದ್ದರು.

ಆ ಮಾಲೀಕರು ದುಡ್ಡು ಕೊಡದಿರುವುದು ನನಗೆ ತಪ್ಪು ಅನ್ನಿಸಲೇ ಇಲ್ಲ. ಮಷೀನ್ ಓಡಿದರೆ ರೀಏಜೆಂಟ್ ಖರ್ಚಾಗುತ್ತದೆ, ಖರ್ಚಾದರೆ ಬಿಲ್ ಪಾವತಿಯಾಗುತ್ತದೆ. ಸರ್ವಿಸ್ ಸರಿ ಇಲ್ಲದ ಕಡೆ ಸೇಲ್ಸ್‌ನವನು ಎಷ್ಟೇ ನಕ್ಕು ಮಾತಾಡಿದರೂ ಚೆಕ್ ಹುಟ್ಟಲ್ಲ.

ಈಗ ಆಫರ್ ಲೆಟರ್‌ಗೆ ಬನ್ನಿ. ಟೆರಿಟರಿಯ ಒಟ್ಟು ಔಟ್‌ಸ್ಟ್ಯಾಂಡಿಂಗ್ (ಲ್ಯಾಬ್‌ಗಳಿಂದ ಬರಬೇಕಾದ ಬಾಕಿ) 60 ದಿನದೊಳಗಿದ್ದರೆ ಮಾತ್ರ ಇನ್ಸೆಂಟಿವ್ ಅಂತ ಅನೆಕ್ಷರ್‌ನಲ್ಲಿ ಸಣ್ಣಕ್ಷರದಲ್ಲಿದೆ. "ಒಟ್ಟು" ಅಂದರೆ ಹಿಂದಿನವನು ಬಿಟ್ಟು ಹೋದದ್ದೂ ಸೇರಿ. ಅದು ಎಷ್ಟಿದೆ ಅಂತ ಕೇಳಿದೆ. ಸುಮಾರು 11 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆರು ತಿಂಗಳು ದಾಟಿದ್ದು. ಅಲ್ಲಿಗೆ ನನ್ನ 30% ಎಲ್ಲಿ ಹೋಯಿತು ಅಂತ ನೀವೇ ಲೆಕ್ಕ ಹಾಕಿ. ಇನ್ನೂ ಒಂದಿದೆ: ಕೆಲಸ ಬಿಡುವಾಗ ಟೆರಿಟರಿಯ ಬಾಕಿ ಕ್ಲಿಯರ್ ಆದ ಮೇಲಷ್ಟೇ ಫುಲ್ ಅಂಡ್ ಫೈನಲ್, ಅಂದರೆ ನನ್ನ ಕೊನೆಯ ಲೆಕ್ಕ ಚುಕ್ತಾ. ನಾನು ಮಾರದ ಮಾಲಿಗೆ ನನ್ನ ಕೊನೆಯ ಸಂಬಳ ಅಡವು! ಇದಕ್ಕೇ ಎರಡು ಸ್ಟಾರ್ ಕಡಿತ.

ಮೂರು ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಕೆಲಸ ನಿಜಕ್ಕೂ ಚೆನ್ನಾಗಿದೆ. ಫಾರ್ಮಾದಲ್ಲಿ ಅರ್ಧ ನಿಮಿಷದಲ್ಲಿ ನಾಲ್ಕು ಬ್ರ್ಯಾಂಡ್ ಹೆಸರು ಒದರಿ ಬರುತ್ತೇವೆ. ಇಲ್ಲಿ ಪೆಥಾಲಜಿಸ್ಟ್ ಕೂರಿಸಿ, ಒಂದು ಟೆಸ್ಟ್‌ಗೆ ಎಷ್ಟು ಬೀಳುತ್ತದೆ, ಕಂಟ್ರೋಲ್ ಯಾಕೆ ಔಟ್ ಹೋಗ್ತಿದೆ ಅಂತ ಮಾತಾಡುತ್ತಾರೆ, ಕಾಫಿನೂ ಕೊಡುತ್ತಾರೆ. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜು, ಪಿ.ಜೆ. ಬಡಾವಣೆಯಲ್ಲಿ ಹೆಜ್ಜೆಗೊಂದು ನರ್ಸಿಂಗ್ ಹೋಮು, ಕೆಲಸಕ್ಕೆ ಬರ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಡಯಾಗ್ನೋಸ್ಟಿಕ್ ಕಿಟ್ ಮತ್ತು ರೀಏಜೆಂಟ್ ಮೇಲಿನ ಜಿಎಸ್‌ಟಿ 12ರಿಂದ 5%ಗೆ ಇಳಿದದ್ದೂ ನಮಗೆ ಅನುಕೂಲ. ಲ್ಯಾಬ್ ಸೇವೆಗೆ ಜಿಎಸ್‌ಟಿ ಇಲ್ಲದ ಕಾರಣ ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆ ಅವರಿಗೆ ವಾಪಸ್ ಬರಲ್ಲ, ಹಾಗಾಗಿ ಇಳಿದದ್ದು ನೇರ ಅವರ ಜೇಬಿಗೇ ಉಳಿಯುತ್ತದೆ. ಬಿಎಸ್ಸಿ ಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ) ಮಾಡಿ ಲ್ಯಾಬ್‌ನಲ್ಲೇ ಕೂತಿರುವವರಿಗಂತೂ ಈ ಲೈನ್ ನಮಗಿಂತ ಬೇಗ ಒಲಿಯುತ್ತದೆ. ಕ್ಲಾಗ್ ತೆಗೆಯುವುದು ಅವರಿಗೆ ಬರುತ್ತದೆ, ಅಷ್ಟು ಬಂದರೆ ಅರ್ಧ ವಸೂಲಿ ಆದ ಹಾಗೇ.

ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ. ಸೇರುವ ದಿನದ ಔಟ್‌ಸ್ಟ್ಯಾಂಡಿಂಗ್ ಪಟ್ಟಿ ಲ್ಯಾಬ್‌ವಾರು ಬೇಕು, ಹಳೆಯ ಬಾಕಿಯನ್ನು ನನ್ನ ಇನ್ಸೆಂಟಿವ್‌ನಿಂದಲೂ ಫುಲ್ ಅಂಡ್ ಫೈನಲ್‌ನಿಂದಲೂ ಹೊರಗಿಡಬೇಕು, ವಸೂಲಿ ಮಾಡಿಕೊಟ್ಟರೆ ಅದಕ್ಕೆ ಬೇರೆ ಪರ್ಸೆಂಟೇಜ್ ಕೊಡಲಿ. ಮ್ಯಾನೇಜರ್ ಫೋನ್ ಮಾಡಿ "ಅದೆಲ್ಲ ನಾನು ನೋಡ್ಕೊಳ್ತೀನಿ, ನೀವು ಜಾಯಿನ್ ಆಗಿ" ಅಂದರು. ಮೇಲ್‌ನಲ್ಲಿ ಹಾಕಿ ಸರ್ ಅಂದಿದ್ದೇನೆ. ಅದು ಬರುವ ತನಕ ಈಗಿನ ಕಂಪನಿಗೆ ರಾಜೀನಾಮೆ ಕೊಡಲ್ಲ.