ಟೀಪಿಗೆ ಯಾವ ಬಟ್ಟೆ: ಹತ್ತಿಯೋ, ಪಾಲಿಕಾಟನ್ನೋ, ಪಾಲಿಯೆಸ್ಟರೋ?

ಟೆಂಟಿನ ಬಟ್ಟೆ ಆರಿಸುವಾಗ ಎಲ್ಲರೂ ಮೊದಲು ಕೇಳುವುದು, ಮಳೆ ಬಂದರೆ ಸೋರುತ್ತಾ ಎಂದು. ನನ್ನನ್ನು ಕೇಳಿದವರಿಗೆ ನಾನು ಬೇರೆಯೇ ಪ್ರಶ್ನೆ ಹಾಕುತ್ತೇನೆ: ಒದ್ದೆಯಾದ ಬಟ್ಟೆಯನ್ನು ಎಲ್ಲಿ ಹರಡಿ ಒಣಗಿಸುತ್ತೀರಿ? ಸೋರುವ ಬಟ್ಟೆಯನ್ನು ಸರಿಮಾಡಬಹುದು. ಒದ್ದೆಯಲ್ಲೇ ಮಡಚಿಟ್ಟು ಕೊಳೆತ ಹತ್ತಿ ಬಟ್ಟೆಯನ್ನು ಯಾರೂ ಸರಿಮಾಡಲಾರರು. ಮುಂದೆ ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಗೆ ಕಟ್ಟುಬಿದ್ದಿದೆ.

ಟೀಪಿ ಅಂದರೆ ಉದ್ದ ಕಂಬಗಳನ್ನು ತುದಿಯಲ್ಲಿ ಸೇರಿಸಿ ನಿಲ್ಲಿಸಿ, ಸುತ್ತ ಬಟ್ಟೆ ಹೊದಿಸಿದ ಶಂಕುವಿನಾಕಾರದ ಬಿಡಾರ. ಒಂದೇ ಅಳತೆಯ ಟೀಪಿ ಕಂಬಗಳ ಮೇಲೆ ಮೂರು ಹೊದಿಕೆ ಹಾಕಿ ನೋಡಿದ್ದೇನೆ. ಏನೂ ಸವರದ ಹಸಿ ಹತ್ತಿ ಕ್ಯಾನ್ವಾಸ್, ನೀರು ಮತ್ತು ಬೂಷ್ಟು ತಡೆಯುವ ಮದ್ದು ಹಾಕಿದ ಹತ್ತಿ ಕ್ಯಾನ್ವಾಸ್, ಮತ್ತೆ ಪಾಲಿಯೆಸ್ಟರ್ ಬೆರೆಸಿದ ಹತ್ತಿ, ಅಂದರೆ ಪಾಲಿಕಾಟನ್. ಜತೆಗೆ ನಡುವೆ ಒಂದೇ ಕಂಬ ನಿಲ್ಲುವ, ಟೀಪಿ ಆಕಾರದ ಪಾಲಿಯೆಸ್ಟರ್ ಟೆಂಟನ್ನೂ ಬಳಸಿದ್ದೇನೆ.

ಟೀಪಿ ಬರೀ ಟೆಂಟಲ್ಲ. ಉತ್ತರ ಅಮೆರಿಕದ ಬಯಲಿನ ಮೂಲನಿವಾಸಿಗಳ ಮನೆ ಅದು. ಲಕೋಟ, ಶಾಯೆನ್, ಬ್ಲ್ಯಾಕ್‌ಫೀಟ್, ಕ್ರೋ ಜನರಲ್ಲಿ ಬೈಸನ್ ಎಂಬ ಕಾಡುದನದ ಚರ್ಮ ಹದಮಾಡಿ, ಹೊಲಿದು, ಟೀಪಿ ಎಬ್ಬಿಸುವ ಕೆಲಸ ಹೆಂಗಸರದು. ಮನೆಯೂ ಅವರದೇ. 1870 ಮತ್ತು 80ರ ದಶಕಗಳಲ್ಲಿ ಬೈಸನ್ ಹಿಂಡುಗಳನ್ನು ಕೊಂದು ಮುಗಿಸಿದ ಮೇಲೆ ಚರ್ಮ ಸಿಗದೆ ಕ್ಯಾನ್ವಾಸ್ ಆ ಜಾಗಕ್ಕೆ ಬಂತು. ಒಳಗೆ ಬೆಂಕಿ ಉರಿಸಿ ಬದುಕುವ ಮನೆ ಆದ್ದರಿಂದ ಅದರ ಬಟ್ಟೆ ಮಳೆಯನ್ನಷ್ಟೇ ಅಲ್ಲ, ಹೊಗೆ ಮತ್ತು ಕಿಡಿಯನ್ನೂ ತಾಳಬೇಕು. ಸಾಮಾನ್ಯ ಟೆಂಟಿಗೆ ಒಳ್ಳೆಯದಾದ ಬಟ್ಟೆ ಟೀಪಿಗೆ ಹೊಂದದೆ ಹೋಗುವುದು ಇದಕ್ಕೇ.

ಹಸಿ ಹತ್ತಿಯಿಂದ ಶುರುಮಾಡೋಣ. ಹತ್ತಿ ನೂಲು ನೀರು ಕುಡಿದು ಉಬ್ಬುತ್ತದೆ. ಉಬ್ಬಿದಾಗ ಹಾಸು ಹೊಕ್ಕುಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ. ಹೊಲಿಗೆಯ ಸೂಜಿತೂತುಗಳೂ ಹೀಗೇ ಮುಚ್ಚಬೇಕು. ಅದಕ್ಕೆ ಒಳ್ಳೆಯ ಹೊಲಿಗೆಯವರು ಪಾಲಿಯೆಸ್ಟರ್ ಎಳೆಯ ಮೇಲೆ ಹತ್ತಿ ಸುತ್ತಿದ ದಾರ ಬಳಸುತ್ತಾರೆ. ಎಳೆ ಗಟ್ಟಿತನ ಕೊಡುತ್ತದೆ, ಹತ್ತಿ ಉಬ್ಬಿ ತೂತು ತುಂಬುತ್ತದೆ. ಹೊಸ ಹೊದಿಕೆಯನ್ನು ನಿಲ್ಲಿಸಿ, ಚೆನ್ನಾಗಿ ನೆನೆಸಿ, ಪೂರ್ತಿ ಒಣಗಿಸಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ನೂಲು ತನ್ನ ಜಾಗ ಹಿಡಿಯುತ್ತದೆ. ಮೊದಲ ಸಲ ಹೊಲಿಗೆಯಲ್ಲಿ ನೀರು ಜಿನುಗಿದರೆ ಗಾಬರಿ ಬೇಡ.

ಹಸಿ ಹತ್ತಿಯ ಒಳಗೆ ಕೂತರೆ ಉಸಿರಾಟ ಹಗುರ. ನಾವು ಬಿಡುವ ಹಬೆ ಬಟ್ಟೆಯ ಮೂಲಕವೇ ಹೊರಗೆ ಹೋಗುತ್ತದೆ. ಬೆಳಕೂ ಮೆತ್ತಗಿರುತ್ತದೆ. ಆದರೆ ಇದಕ್ಕೆ ಎರಡು ಚಾಳಿ. ಒಂದು, ಕುಗ್ಗುತ್ತದೆ. ಹೊಲಿಯುವಾಗ ಸರಿಯಾಗಿದ್ದ ಅಂಚು ನೆನೆದು ಒಣಗಿದ ಮೇಲೆ ನೆಲದಿಂದ ಮೇಲೇಳುತ್ತದೆ, ಮುಂದಿನ ಬಾಗಿಲ ಕಡೆ ಕಡ್ಡಿ ಪೋಣಿಸುವ ತೂತುಗಳು ಒಂದಕ್ಕೊಂದು ಎಟುಕುವುದಿಲ್ಲ. ಇನ್ನೊಂದು, ಮಳೆ ಬರುವಾಗ ಒಳಗಿನಿಂದ ಬಟ್ಟೆಗೆ ಏನಾದರೂ ತಾಗಿದರೆ ಅಲ್ಲಿಂದ ನೀರು ಒಳಕ್ಕೆ ಇಳಿಯುತ್ತದೆ. ಹಾಸಿಗೆ, ಚೀಲ, ಬೆನ್ನು, ಯಾವುದು ತಾಗಿದರೂ ಅಷ್ಟೇ.

ಅದೇ ಬಟ್ಟೆಗೆ ಮದ್ದು ಹಾಕಿದರೆ ಈ ಎರಡೂ ತೊಂದರೆ ಬಹಳ ಕಮ್ಮಿಯಾಗುತ್ತವೆ. ಮೊದಲೇ ಕುಗ್ಗಿಸಿ ಮದ್ದು ಹಾಕಿದ್ದಾದರೆ ಇನ್ನೂ ಒಳ್ಳೆಯದು. ನೀರು ಮುತ್ತಿನಂತೆ ಜಾರಿಹೋಗುತ್ತದೆ. ಬಟ್ಟೆ ಕಮ್ಮಿ ನೀರು ಕುಡಿಯುವುದರಿಂದ ಒಣಗುವುದೂ ಬೇಗ. ನನಗೆ ದೊಡ್ಡ ವ್ಯತ್ಯಾಸ ಕಂಡಿದ್ದು ಇಲ್ಲಿಯೇ. ಎರಡೂ ಹೊದಿಕೆ ಒಂದೇ ಮಳೆಯಲ್ಲಿ ನೆನೆದರೂ ಮದ್ದು ಹಾಕಿದ್ದು ಮಧ್ಯಾಹ್ನದ ಬಿಸಿಲಿಗೆ ಗರಿಗರಿಯಾಯಿತು. ಹಸಿ ಹತ್ತಿ ಹೊಲಿಗೆಗಳಲ್ಲಿ, ಬುಡದ ಅಂಚಿನಲ್ಲಿ ಸಂಜೆಯವರೆಗೂ ಪಸೆ ಹಿಡಿದೇ ಇತ್ತು. ಟೀಪಿಗೆ ನನ್ನ ಆಯ್ಕೆ ಇದೇ, ಮದ್ದು ಹಾಕಿದ ಹತ್ತಿ.

ತೂಕದ ಬಗ್ಗೆ ಒಂದು ಮಾತು. ಚದರ ಮೀಟರಿಗೆ 340 ಗ್ರಾಂ ಅಂದರೆ ಚದರ ಗಜಕ್ಕೆ ಸುಮಾರು 10 ಔನ್ಸ್. ಐದೂವರೆ ಮೀಟರ್ ಅಗಲದ ಟೀಪಿಗೆ ಸುಮಾರು ಅಷ್ಟೇ ತ್ರಿಜ್ಯದ ಅರ್ಧವೃತ್ತದ ಬಟ್ಟೆ ಬೇಕು, ಅಂದರೆ 47 ಚದರ ಮೀಟರ್ ಚಿಲ್ಲರೆ. ಹೊದಿಕೆಯೊಂದೇ 16 ಕಿಲೋ ಆಯಿತು. ಒದ್ದೆಯಾದರೆ ಒಬ್ಬರಿಂದ ಎತ್ತಲಾಗದು. ಮಾರುವವರು ಔನ್ಸ್ ಎಂದರೆ ಚದರ ಗಜಕ್ಕಾ, ಉದ್ದ ಗಜಕ್ಕಾ ಎಂದು ಕೇಳಿಯೇ ತಗೊಳ್ಳಿ. ಎರಡೂ ಲೆಕ್ಕ ಬಳಕೆಯಲ್ಲಿವೆ.

ಇನ್ನೊಂದು, ತೂಕ ಜಾಸ್ತಿ ಇದ್ದ ಮಾತ್ರಕ್ಕೆ ಬಟ್ಟೆ ಒಳ್ಳೆಯದಲ್ಲ. ಸಡಿಲ ನೇಯ್ಗೆಗೆ ಗಂಜಿ ಮೆತ್ತಿ ತೂಕ ಬರಿಸಿದ ಅಗ್ಗದ ಕ್ಯಾನ್ವಾಸ್ ಇರುತ್ತದೆ. ಒಂದು ತುಂಡನ್ನು ಬೆಳಕಿಗೆ ಹಿಡಿಯಿರಿ, ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ತುಂಬಾ ಕಂಡರೆ ಬೇಡ. ಎರಡು ಕೈಯಲ್ಲಿ ಹಿಡಿದು ಜೋರಾಗಿ ಉಜ್ಜಿ, ಬಿಳಿ ಪುಡಿ ಉದುರಿದರೆ ಅದು ಗಂಜಿ. ಮೊದಲ ಮಳೆಗೇ ತೊಳೆದುಹೋಗುತ್ತದೆ, ಉಳಿದಿದ್ದು ಬೂಷ್ಟಿಗೆ ಊಟ. ಹಾಸಿನಲ್ಲೂ ಹೊಕ್ಕಿನಲ್ಲೂ ಎರಡೆರಡು ಎಳೆ ಹುರಿಹಾಕಿದ ನೂಲು ಇದ್ದರೆ ಕಣ್ಣುಮುಚ್ಚಿ ತಗೊಳ್ಳಬಹುದು.

ಪಾಲಿಕಾಟನ್ ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿಯ ಬೆರಕೆ. 65ಕ್ಕೆ 35 ಸಾಮಾನ್ಯ. ಹಗುರ, ಹರಿಯುವುದು ಕಷ್ಟ, ಕುಗ್ಗುವುದು ಕಮ್ಮಿ. ಪದೇ ಪದೇ ಬಿಚ್ಚಿ ಕಟ್ಟುವವರಿಗೆ ಇದು ನಿಜಕ್ಕೂ ಅನುಕೂಲ. ಆದರೆ ಪಾಲಿಯೆಸ್ಟರ್ ಎಳೆ ಉಬ್ಬುವುದಿಲ್ಲ. ಹಾಗಾಗಿ ನೀರು ತಡೆಯುವ ಕೆಲಸ ಜಾಸ್ತಿ ಮದ್ದಿನ ಮೇಲೆ ಬೀಳುತ್ತದೆ. ಮದ್ದು ಸವೆದ ಜಾಗದಲ್ಲಿ, ಮುಖ್ಯವಾಗಿ ಕಂಬ ಉಜ್ಜುವ ಗೆರೆಯಲ್ಲಿ, ಜೋರು ಮಳೆಗೆ ಒಳಗೆ ತುಂತುರು ಬಂದಿದ್ದನ್ನು ನೋಡಿದ್ದೇನೆ. ಬೆರಕೆ ಎಂದು ಬೂಷ್ಟು ಬಿಡುತ್ತದೆ ಅಂದುಕೊಳ್ಳಬೇಡಿ. ಅದರಲ್ಲಿರುವ ಹತ್ತಿಯೇ ಬೂಷ್ಟಿಗೆ ಸಾಕು.

ಪಾಲಿಯೆಸ್ಟರ್ ಟೆಂಟು ಸೋರಲಿಲ್ಲ. ಇದನ್ನು ಮೊದಲು ಹೇಳಿಬಿಡಬೇಕು, ಯಾಕೆಂದರೆ ಹತ್ತಿ ಮೆಚ್ಚುವವರು ಇದನ್ನು ಒಪ್ಪುವುದಿಲ್ಲ. ಬೆನ್ನ ಮೇಲೆ ಹೊತ್ತು ನಡೆಯುವವರಿಗೆ, ರಾತ್ರಿಯೊಂದು ಕಡೆ ಬೆಳಗೊಂದು ಕಡೆ ಇರುವವರಿಗೆ ಇದೇ ಸರಿ. ಒದರಿದರೆ ಅರ್ಧ ನೀರು ಹೋಗುತ್ತದೆ. ತೊಂದರೆ ಇರುವುದು ಒಳಗೆ. ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ಬೆಳಗಿನ ಜಾವಕ್ಕೆ ಗೋಡೆಯಲ್ಲೆಲ್ಲ ಹನಿಗಟ್ಟುತ್ತದೆ. ಗಾಳಿಕಿಂಡಿ ತೆರೆದಿಟ್ಟರೆ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬಿಸಿಲಲ್ಲಿ ಒಳಗೆ ಕೂರಲು ಆಗುವುದಿಲ್ಲ.

ಕಿಡಿಯ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ಪಾಲಿಯೆಸ್ಟರ್ 260 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ. ಒಂದು ಕಿಡಿ ತಾಗಿದರೆ ಗಟ್ಟಿ ಅಂಚಿನ ತೂತು ತಕ್ಷಣ. ಹತ್ತಿ ಕರಗುವುದಿಲ್ಲ. ಸಣ್ಣ ಕಿಡಿ ಎಷ್ಟೋ ಸಲ ಕಂದು ಚುಕ್ಕಿ ಬಿಟ್ಟು ಆರಿಹೋಗುತ್ತದೆ. ಹಾಗೆಂದು ಹತ್ತಿ ಸುಡುವುದಿಲ್ಲ ಎಂದಲ್ಲ, ಉರಿ ಹತ್ತಿದರೆ ಚೆನ್ನಾಗಿಯೇ ಸುಡುತ್ತದೆ. ಬೆಂಕಿ ತಡೆಯುವ ಮದ್ದು ಹಾಕಿದ ಕ್ಯಾನ್ವಾಸ್ ಸಿಗುತ್ತದೆ. ಸ್ವಲ್ಪ ಭಾರ, ಸ್ವಲ್ಪ ಬಿರುಸು. ಒಳಗೆ ಬೆಂಕಿ ಹಾಕುವುದಾದರೆ ಅದನ್ನೇ ತಗೊಳ್ಳಿ. ಬೆಂಕಿ ಇರುವಾಗ ಮೇಲಿನ ಹೊಗೆಬಾಯಿಯನ್ನು ಯಾವ ಕಾರಣಕ್ಕೂ ಪೂರ್ತಿ ಮುಚ್ಚಬಾರದು. ಬೆಂಕಿಯಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆಯಿಲ್ಲ.

ಟೀಪಿಗೆ ಹೊದಿಕೆಯಷ್ಟೇ ಮುಖ್ಯವಾದದ್ದು ಕಂಬಗಳ ಒಳಬದಿಗೆ ಸುತ್ತ ಕಟ್ಟುವ ಒಳಪರದೆ. ಹೊದಿಕೆಯ ಬುಡ ನೆಲದಿಂದ ಸ್ವಲ್ಪ ಮೇಲಿರುತ್ತದೆ, ಒಳಪರದೆ ನೆಲ ಮುಟ್ಟುತ್ತದೆ. ತಣ್ಣನೆ ಗಾಳಿ ಹೊದಿಕೆಯ ಕೆಳಗಿಂದ ನುಗ್ಗಿ, ಪರದೆಯ ಹಿಂದಿನಿಂದ ಮೇಲೇರಿ, ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ. ಕಂಬದ ಮೇಲೆ ಇಳಿದುಬರುವ ಮಳೆನೀರೂ ಪರದೆಯ ಹಿಂದೆಯೇ ನೆಲ ಸೇರುತ್ತದೆ. ಒಳಪರದೆಗೆ ಹಗುರ ಹತ್ತಿ ಸಾಕು, ಅದರ ಮೇಲೆ ಮಳೆ ಬೀಳುವುದಿಲ್ಲ. ಕಂಬಗಳನ್ನು ಮಾತ್ರ ನುಣ್ಣಗೆ ಕೆತ್ತಿರಬೇಕು. ಗಂಟು ಇದ್ದಲ್ಲಿ ನೀರು ತಡೆದು ನಿಮ್ಮ ಮೇಲೆ ತೊಟ್ಟಿಕ್ಕುತ್ತದೆ.

ಇನ್ನು ಕಾಪಾಡುವುದು. ಹತ್ತಿಯನ್ನು ಒಣಗಿಸದೆ ಮಡಚಬಾರದು, ಒಂದೆರಡು ದಿನದಲ್ಲೇ ಬೂಷ್ಟು ಶುರುವಾಗುತ್ತದೆ. ಮಳೆಯಲ್ಲೇ ಬಿಚ್ಚಬೇಕಾಗಿ ಬಂದರೆ ಮನೆ ಸೇರಿದ ಕೂಡಲೇ ಹರಡಿ. ಜಾಗ ಸಾಲದಿದ್ದರೆ ತಿರುವಿ ತಿರುವಿ ಹಾಕಿ. ಬಟ್ಟೆಯ ನಡುಭಾಗ ಮುಟ್ಟಿ ನೋಡಿ ಒಣಗಿದೆ ಅಂದುಕೊಂಡರೆ ಸಾಲದು. ಹೊಲಿಗೆ, ಬುಡದ ಅಂಚು, ಹಗ್ಗ ಕಟ್ಟುವ ಮೂಲೆಯ ದಪ್ಪ ತೇಪೆ, ಇವನ್ನು ಮುಟ್ಟಿ ನೋಡಿ. ಒಣಗುವಾಗ ಕೊನೆಯಲ್ಲಿ ಉಳಿಯುವುದು ಇವೇ, ಕೊಳೆಯಲು ಶುರುವಾಗುವುದೂ ಇಲ್ಲೇ. ಇಡುವುದಕ್ಕೂ ಪ್ಲಾಸ್ಟಿಕ್ ಚೀಲ ಬೇಡ, ಬಟ್ಟೆ ಚೀಲವೇ ಸರಿ.

ಮಳೆ ಹಿಡಿದಾಗ ಹತ್ತಿ ಕ್ಯಾನ್ವಾಸ್ ತಮಟೆಯ ಹಾಗೆ ಬಿಗಿಯುತ್ತದೆ. ಹತ್ತಿ ಹಗ್ಗವಾದರೆ ಅದೂ ಬಿಗಿಯುತ್ತದೆ. ಸ್ವಲ್ಪ ಸಡಿಲ ಮಾಡದಿದ್ದರೆ ಗೂಟ ಕಿತ್ತು ಬರುತ್ತದೆ, ಇಲ್ಲವೇ ಹೊಲಿಗೆ ಬಿಡುತ್ತದೆ. ನೈಲಾನ್ ಇದಕ್ಕೆ ಉಲ್ಟಾ, ಒದ್ದೆಯಾದಾಗ ಜೋಲುತ್ತದೆ, ಎದ್ದು ಬಿಗಿಮಾಡಬೇಕು.

ಕೊಳೆಯಾದರೆ ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಕೊಡವಿ, ಬರೀ ನೀರಿನಲ್ಲಿ ತೊಳೆಯಿರಿ. ಸೋಪು, ಡಿಟರ್ಜೆಂಟ್ ಬೇಡವೇ ಬೇಡ. ಅದರ ಕೆಲಸವೇ ನೀರು ಬಟ್ಟೆಗೆ ಅಂಟುವಂತೆ ಮಾಡುವುದು. ಅದು ಉಳಿದ ಜಾಗದಲ್ಲಿ ಮಳೆ ಒಳಗೆ ಬರುತ್ತದೆ. ವಾಷಿಂಗ್ ಮಷಿನ್ನಿಗೆ ಹಾಕಿದರೆ ಮದ್ದು ಪೂರ್ತಿ ಹೋಯಿತು. ಬೂಷ್ಟಿನ ಚುಕ್ಕಿ ಸಣ್ಣದಿದ್ದರೆ ನೀರು ಬೆರೆಸಿದ ವಿನೆಗರ್ ಹಚ್ಚಿ, ಉಜ್ಜಿ, ತೊಳೆದು, ಬಿಸಿಲಿಗೆ ಹಾಕಿ. ಕಪ್ಪು ಕಲೆ ಉಳಿಯಬಹುದು, ಉಳಿಯಲಿ. ಬೆಳ್ಳಗೆ ಮಾಡಲು ಬ್ಲೀಚ್ ಹಾಕಿದರೆ ನೂಲೇ ಸಾಯುತ್ತದೆ. ತೊಳೆದ ಜಾಗಕ್ಕೆ ನೀರು ತಡೆಯುವ ಮದ್ದನ್ನು ಮತ್ತೆ ಹಚ್ಚಬೇಕು.

ಮೇಣ ಹಚ್ಚಿದರೆ ಆಗುವುದಿಲ್ಲವಾ ಎಂದು ತುಂಬಾ ಜನ ಕೇಳುತ್ತಾರೆ. ನೀರು ಖಂಡಿತ ನಿಲ್ಲುತ್ತದೆ. ಆದರೆ ಬಟ್ಟೆ ಉಸಿರಾಡುವುದು ನಿಲ್ಲುತ್ತದೆ, ಭಾರವಾಗುತ್ತದೆ, ಬೆಂಕಿಗೆ ಬೇಗ ಸಿಗುತ್ತದೆ. ಬೆಂಕಿಯಿರುವ ಟೀಪಿಯ ಹೊದಿಕೆಗೆ ಮೇಣ ಬೇಡ ಎಂದು ಗಟ್ಟಿಯಾಗಿ ಹೇಳುತ್ತೇನೆ. ಸೋರುವ ಹೊಲಿಗೆಗೆ ಜೇನುಮೇಣದ ಗಟ್ಟಿಯನ್ನು ಉಜ್ಜಿದರೆ ಸಾಕು.

ಬಿಸಿಲು ಎಲ್ಲ ಬಟ್ಟೆಯನ್ನೂ ತಿನ್ನುತ್ತದೆ, ಅದರಲ್ಲೂ ನೈಲಾನನ್ನು ಬೇಗ. ವರ್ಷವಿಡೀ ನಿಂತ ಹೊದಿಕೆ ಬೇಗ ಹಳತಾಗುತ್ತದೆ. ನೆರಳಿಗೆಂದು ಮರದ ಕೆಳಗೆ ಕಟ್ಟಿದರೆ ಎಲೆಯ ಕಲೆ, ಅಂಟು, ಹಕ್ಕಿ ಹಿಕ್ಕೆ, ಜತೆಗೆ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಹನಿ. ಹಾಗಾಗಿ ಬಯಲೇ ವಾಸಿ, ಇಲ್ಲದ ದಿನ ಬಿಚ್ಚಿಡುವುದು ಇನ್ನೂ ವಾಸಿ. ಪಾಲಿಯೆಸ್ಟರ್ ಟೆಂಟಿಗೆ ಬೇರೊಂದು ಮುಪ್ಪು ಇದೆ. ನೀರು ತಡೆಯಲು ಒಳಗೆ ಸವರಿದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪದರ ತೇವ ಮತ್ತು ಸೆಕೆಗೆ ಒಡೆದು ಅಂಟಂಟಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ಆ ಹಂತಕ್ಕೆ ಬಂದ ಟೆಂಟನ್ನು ಉಳಿಸಲು ಹೋಗುವುದು ಸುಮ್ನೆ ದಂಡ.

ಹತ್ತಿ ಇಲ್ಲಿ ಗೆಲ್ಲುತ್ತದೆ. ಹರಿದರೆ ಅಷ್ಟೇ ತೂಕದ ಕ್ಯಾನ್ವಾಸನ್ನು ಮೊದಲು ನೆನೆಸಿ ಒಣಗಿಸಿ, ಮೂಲೆ ದುಂಡಗೆ ಕತ್ತರಿಸಿ, ಮೇಣ ಹಚ್ಚಿದ ದಾರದಲ್ಲಿ ತೇಪೆ ಹಾಕಿ. ಬುಡದ ಅಂಚು ಕೊಳೆತರೆ ಆ ಪಟ್ಟಿಯಷ್ಟನ್ನೇ ಕತ್ತರಿಸಿ ಹೊಸದು ಜೋಡಿಸಬಹುದು. ಹರಿಯುವ ಮುಂಚೆಯೇ ಬುಡದ ಸುತ್ತ ಕೈಯಲ್ಲಿ ಹಿಡಿದು ಎಳೆದು ನೋಡುತ್ತಿರಿ. ಕಾಗದದಂತೆ ಸದ್ದು ಮಾಡಿ ಬಿಟ್ಟುಕೊಂಡರೆ ನೂಲು ಸತ್ತಿದೆ, ಗಟ್ಟಿ ಬಟ್ಟೆ ಸಿಗುವವರೆಗೆ ಮೇಲಕ್ಕೆ ಹೋಗಿ ಅಲ್ಲಿಂದ ಕತ್ತರಿಸಿ.